ಜೇನುಲೇಪ (ಮಧುಮೇಹದ ಗಾಯಗಳಿಗೆ)

ಗಾಯಕ್ಕೆ ಜೇನುತುಪ್ಪ ಸವರಿ ಪಟ್ಟಿ ಕಟ್ಟುವ ಚಿಕಿತ್ಸೆ. ಪ್ರಾಚೀನ ಈಜಿಪ್ಟಿನ ವೈದ್ಯಕೀಯ ಪಪೈರಸ್‌ಗಳಲ್ಲೂ ಸುಶ್ರುತ ಸಂಹಿತೆಯಲ್ಲೂ ಇದರ ಉಲ್ಲೇಖವಿದೆ. ಜೇನಿನಲ್ಲಿ ನೀರು ಶೇ. 20ಕ್ಕಿಂತ ಕಡಿಮೆ, ಉಳಿದದ್ದು ಬಹುಪಾಲು ಸಕ್ಕರೆ. ಆದ್ದರಿಂದ ಅದು ಬ್ಯಾಕ್ಟೀರಿಯಾಗಳ ನೀರನ್ನೇ ಹೀರಿಬಿಡುತ್ತದೆ. ಉಪ್ಪಿನಕಾಯಿ ಕೆಡದಿರುವುದೂ ಹೆಚ್ಚುಕಡಿಮೆ ಹೀಗೆಯೇ. ಗಾಯದ ರಸಿಕೆ ಬೆರೆತು ಜೇನು ತೆಳುವಾದಾಗ ಅದರಲ್ಲಿರುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಹೈಡ್ರೋಜನ್ ಪೆರಾಕ್ಸೈಡನ್ನು ನಿಧಾನವಾಗಿ ಬಿಡುಗಡೆ ಮಾಡುತ್ತದೆ. ನ್ಯೂಜಿಲೆಂಡಿನ ಮನುಕಾ ಜೇನಿನ ಶಕ್ತಿ ಮಾತ್ರ ಮುಖ್ಯವಾಗಿ ಮೀಥೈಲ್‌ಗ್ಲೈಆಕ್ಸಾಲ್ ಎಂಬ ರಾಸಾಯನಿಕದ್ದು.

ಅಡುಗೆಮನೆಯ ಬಾಟಲಿ ಇದಕ್ಕೆ ಸಲ್ಲದು. ಹಸಿ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಕಾಯಿಸಿದರೆ ಕಿಣ್ವ ಹಾಳಾಗುತ್ತದೆ. ಹಾಗಾಗಿ ವೈದ್ಯಕೀಯ ಜೇನನ್ನು ಗಾಮಾ ಕಿರಣಗಳಿಂದ ಶುದ್ಧಿಗೊಳಿಸುತ್ತಾರೆ.

ಸಣ್ಣ ಸುಟ್ಟಗಾಯಗಳಲ್ಲಿ ಜೇನಿನ ಗುಣ ತಕ್ಕಮಟ್ಟಿಗೆ ಸಾಬೀತಾಗಿದೆ. ಮಧುಮೇಹಿಗಳ ಪಾದದ ಹುಣ್ಣಿನ ವಿಷಯದಲ್ಲಿ ಪುರಾವೆ ದುರ್ಬಲ. ಮಧುಮೇಹ ಪಾದದ ಅಂತರರಾಷ್ಟ್ರೀಯ ಕಾರ್ಯತಂಡದ 2023ರ ಮಾರ್ಗಸೂಚಿ ಇದನ್ನು ಬಳಸಬಾರದೆಂದೇ ಹೇಳುತ್ತದೆ. ಇಂಥ ಹುಣ್ಣಿಗೆ ಮುಖ್ಯವಾದದ್ದು ಸತ್ತ ಅಂಗಾಂಶ ತೆಗೆಯುವುದು, ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು, ರಕ್ತಸಂಚಾರ ಸರಿಯಾಗಿಡುವುದು ಮತ್ತು ಸಕ್ಕರೆಯ ಹತೋಟಿ. ಮಧುಮೇಹದಿಂದ ಜೋಮು ಹಿಡಿದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು. ಹಾಗಾಗಿ ನೋವಿಲ್ಲದಿದ್ದರೂ ಹುಣ್ಣು ಕೆಂಪಾಗಿ ಊದಿಕೊಂಡರೆ, ಕೀವು ಅಥವಾ ದುರ್ವಾಸನೆ ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು.