ಕಾಗದ ಒಬ್ಬರದು, ಮಾತು ಇನ್ನೊಬ್ಬರದು

ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಪತ್ರಗಳು ಸಿಕ್ಕರೆ ಅವು ಯಾರ ಸ್ವತ್ತು? ಅಮೆರಿಕದ ಇಬ್ಬರು ಗೆಳೆಯರ ನಡುವಿನ ಒಂದು ಪತ್ರದ ಕಥೆ ನೋಡೋಣ.

1950ರ ಡಿಸೆಂಬರ್‌ನಲ್ಲಿ ನೀಲ್ ಕ್ಯಾಸಡಿ ಅವರು ಕಾದಂಬರಿಕಾರ ಜ್ಯಾಕ್ ಕೆರೊವಾಕ್ ಅವರಿಗೆ ಸುಮಾರು 16,000 ಪದಗಳ ಪತ್ರ ಬರೆದರು. ಎದುರು ಕೂತು ಹರಟಿದಂತಿದ್ದ ಆ ಬರವಣಿಗೆ ಕೆರೊವಾಕ್ ಶೈಲಿಯನ್ನೇ ಬದಲಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಅವರು ‘ಆನ್ ದಿ ರೋಡ್’ ಕಾದಂಬರಿಯನ್ನು ಮೂರೇ ವಾರದಲ್ಲಿ ಟೈಪ್ ಮಾಡಿದರು.

ಕೆರೊವಾಕ್ ಆ ಪತ್ರವನ್ನು ಕವಿ ಅಲೆನ್ ಗಿನ್ಸ್‌ಬರ್ಗ್ ಅವರಿಗೆ ಕೊಟ್ಟಿದ್ದರು. ಆಮೇಲೆ ಅದು ಕಾಣೆಯಾಯಿತು. ಕವಿ ಗೆರ್ಡ್ ಸ್ಟರ್ನ್ ಅದನ್ನು ದೋಣಿಮನೆಯಿಂದ ನೀರಿಗೆ ಬೀಳಿಸಿದರೆಂಬ ಮಾತು ಹಬ್ಬಿತು. ಅವರು ಎಷ್ಟು ಅಲ್ಲಗಳೆದರೂ ಅಪವಾದ ದಶಕಗಳ ಕಾಲ ಬಿಡಲಿಲ್ಲ.

ನಿಜವಾಗಿ ಗಿನ್ಸ್‌ಬರ್ಗ್ ಪತ್ರವನ್ನು ಒಂದು ಸಣ್ಣ ಪ್ರಕಾಶನಕ್ಕೆ ಕಳಿಸಿದ್ದರು. ಅದು ಮುಚ್ಚಿದಾಗ ಕಸಕ್ಕೆ ಹೊರಟಿದ್ದ ಕಾಗದಗಳನ್ನು ಅದೇ ಕಚೇರಿ ಹಂಚಿಕೊಂಡಿದ್ದ ಒಬ್ಬರು ಮನೆಗೆ ಒಯ್ದಿಟ್ಟರು. 2012ರಲ್ಲಿ ಅವರ ಮಗಳ ಕೈಗೆ ಪತ್ರ ಸಿಕ್ಕಿತು. ಸ್ಟರ್ನ್ ಮೇಲಿದ್ದ ಅಪವಾದವೂ ಕಳೆಯಿತು.

2014ರಲ್ಲಿ ಪತ್ರವನ್ನು ಹರಾಜಿಗಿಟ್ಟಾಗ ಇಬ್ಬರು ಲೇಖಕರ ವಾರಸುದಾರರೂ ತಕರಾರು ತೆಗೆದರು. ಹರಾಜು ನಿಂತಿತು. ರಾಜಿಯಾದ ಮೇಲೆ 2017ರಲ್ಲಿ ಮಾರಾಟವಾಯಿತು. ಈಗದು ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಸಾಮಾನ್ಯವಾಗಿ ಪತ್ರದ ಕಾಗದ ಪಡೆದವರದು. ಅದರ ಮಾತುಗಳ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ನಮ್ಮ ದೇಶದಲ್ಲೂ ಹೀಗೆಯೇ. ಕಾಗದ ಕೊಂಡವರಿಗೆ ಅಚ್ಚು ಹಾಕುವ ಹಕ್ಕು ತಾನಾಗಿ ಬರುವುದಿಲ್ಲ.

ಆದರೆ ಹಕ್ಕಿನ ಮಾತು ಬರುವುದು ಕಾಗದ ಉಳಿದರೆ ಮಾತ್ರ. ಅಜ್ಜನ ಪತ್ರಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಓದಿ ನೋಡಿ ಎನ್ನುತ್ತೇವೆ ನಾವು.