ಒಲ್ಲೆನೆಂದ ಊರಿನ ಪಕ್ಕದ ಕೊಳ

ಕಡಲ ನೀರು ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುವ ಅಳಿವೆಯ ದಡದಲ್ಲಿ, ವ್ಯಾಪಾರವು ಗಡಿಯಾರಕ್ಕಿಂತ ಚಂದ್ರನ ಮಾತನ್ನೇ ಹೆಚ್ಚು ಕೇಳುತ್ತದೆ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ, ಬ್ಲ್ಯಾಕ್‌ವಾಟರ್ ಅಳಿವೆಯ ಮೇಲಿರುವ ಹೇಬ್ರಿಜ್ ಬೇಸಿನ್ ಎಂಬ ಪುಟ್ಟ ಊರು ಇದಕ್ಕೆ ಸಾಕ್ಷಿ. ಆದರೆ ಅದು ಹುಟ್ಟಿದ್ದು ನೆರೆಯೂರಿನ ಹಟದಿಂದ.

ಅಳಿವೆಯ ತಲೆಯಲ್ಲಿರುವ ಮಾಲ್ಡನ್ ಹಳೆಯ ಬಂದರು. ಒಳನಾಡಿನ ಚೆಲ್ಮ್ಸ್‌ಫರ್ಡ್ ಪಟ್ಟಣಕ್ಕೆ ಬೇಕಾದ ಕಲ್ಲಿದ್ದಲು ಇಲ್ಲಿ ಹಡಗಿನಿಂದಿಳಿದು, ಸುಂಕ ತೆತ್ತು, ಗಾಡಿಯೇರಿ ಹೋಗುತ್ತಿತ್ತು. ಚೆಲ್ಮರ್ ನದಿಯನ್ನೇ ದೋಣಿಮಾರ್ಗ ಮಾಡಬೇಕೆಂಬ ಮಾತಿಗೆ ಮಾಲ್ಡನ್ನಿನವರು ಅಡ್ಡ ನಿಂತರು. ಸುಂಕ ಕೈತಪ್ಪೀತೆಂಬ ಭಯ ಅವರದು. 1766ರಲ್ಲಿ ಪಾರ್ಲಿಮೆಂಟು ಒಪ್ಪಿಗೆ ಕೊಟ್ಟರೂ ಹಣ ಕೂಡಲಿಲ್ಲ. 1793ರಲ್ಲಿ ಮತ್ತೊಂದು ಕಾಯಿದೆಯಾಯಿತು. ಈ ಸಲ ಯೋಜಕರು ಮಾಲ್ಡನ್ನಿನ ಗೊಡವೆಯನ್ನೇ ಬಿಟ್ಟರು. ಕಾಲುವೆಯು ಊರನ್ನು ತಪ್ಪಿಸಿ, ಹೇಬ್ರಿಜ್ಜಿನ ಮೂಲಕ ಹಾದು, ಜೌಗು ನೆಲದ ಅಂಚಿನಲ್ಲಿ ಅಳಿವೆಯನ್ನು ಸೇರಿತು.

ಪ್ರಸಿದ್ಧ ಇಂಜಿನಿಯರ್ ಜಾನ್ ರೆನ್ನಿಯವರ ಮೇಲ್ವಿಚಾರಣೆಯಲ್ಲಿ, ರಿಚರ್ಡ್ ಕೋಟ್ಸ್ ನಿಂತು ಕೆಲಸ ಮಾಡಿಸಿದರು. 1797ರಲ್ಲಿ ಸುಮಾರು 14 ಮೈಲಿಯ ಮಾರ್ಗ ಪೂರ್ತಿಯಾಯಿತು. ಅದರ ಕೊನೆಯಲ್ಲಿ ತೋಡಿದ ಕೊಳವೇ ಈ ಬೇಸಿನ್. ಕೊಳಕ್ಕೂ ಅಳಿವೆಗೂ ನಡುವೆ ಬಾಗಿಲುಗಳುಳ್ಳ ಲಾಕ್ ಉಂಟು. ಉಬ್ಬರ ಏರಿದಾಗ ಹಡಗುಗಳು ಒಳಬರುತ್ತಿದ್ದವು. ನೀರಿಳಿದು ಹೊರಗೆ ಬರಿಯ ಕೆಸರು ಕಂಡಾಗಲೂ ಒಳಗಿನ ಹಡಗು ನೀರಿನಲ್ಲಿ ತೇಲಿಕೊಂಡೇ ಇರುತ್ತಿತ್ತು. ಅಲ್ಲಿ ಇದ್ದಲನ್ನೂ ಮರವನ್ನೂ ಚಪ್ಪಟೆ ತಳದ ದೋಣಿಗಳಿಗೆ ತುಂಬಿ, ಕುದುರೆಗಳಿಂದ ಎಳೆಸುತ್ತಿದ್ದರು. ಕೆಲಸವಿದ್ದಲ್ಲಿ ಮನೆಗಳೆದ್ದವು, ಕೊಳದ ಹೆಸರೇ ಊರಿನ ಹೆಸರಾಯಿತು.

ಆದರೆ ಹಾದಿ ತಪ್ಪಿಸಿದವರಿಗೂ ಹಾದಿ ತಪ್ಪಿಸುವವರು ಇರುತ್ತಾರೆ. 1843ರಲ್ಲಿ ಚೆಲ್ಮ್ಸ್‌ಫರ್ಡಿಗೆ ರೈಲು ಬಂದಿತು. ಮಾಲ್ಡನ್ನಿಗೆ ಕಾಲುವೆ ಮಾಡಿದುದನ್ನು ಕಾಲುವೆಗೆ ರೈಲು ಮಾಡಿತು. ಆದರೂ ಮರದ ಸಾಗಣೆ 1972ರವರೆಗೆ ಉಸಿರು ಹಿಡಿದಿತ್ತು. 2003ರಲ್ಲಿ ಹಳೆಯ ಕಂಪೆನಿಯೇ ಸಾಲದಲ್ಲಿ ಮುಳುಗಿತು. 2005ರಲ್ಲಿ ಒಳನಾಡ ಜಲಮಾರ್ಗ ಸಂಘದ ಅಂಗಸಂಸ್ಥೆಯೊಂದು ಕಾಲುವೆಯ ಹೊಣೆ ಹೊತ್ತಿತು, ಸ್ವಯಂಸೇವಕರು ಕೈಗೂಡಿಸಿದರು.

ಇಂದು ಕೊಳದಲ್ಲಿ ವಿಹಾರದ ದೋಣಿಗಳು ನಿಂತಿವೆ. ಮಾಲ್ಡನ್ನೂ ಅಳಿದಿಲ್ಲ, ಅದರ ಕಟ್ಟೆಯಲ್ಲಿ ಹಳೆಯ ಹಾಯಿದೋಣಿಗಳಿವೆ, ಅದರ ಉಪ್ಪಿಗೆ ಇಂದಿಗೂ ಹೆಸರಿದೆ. ಸುಂಕ ಕಾಯಲು ಹೊರಟವರೂ ಸುಂಕ ತಪ್ಪಿಸಲು ಹೊರಟವರೂ ಹೋದರು. ಉಬ್ಬರ ಮಾತ್ರ ಎರಡೂ ಊರಿಗೆ ಎಂದಿನಂತೆ, ಯಾರ ಅಪ್ಪಣೆಯನ್ನೂ ಕೇಳದೆ, ದಿನಕ್ಕೆರಡು ಸಲ ಬಂದು ಹೋಗುತ್ತಿದೆ.