ಹಸಿರು ಮತದ ಇಕ್ಕಟ್ಟು

‘ಗೆಲ್ಲದವನಿಗೆ ಹಾಕಿ ಓಟು ದಂಡ ಮಾಡಿಕೊಳ್ಳಬೇಡಿ’ – ಪ್ರತಿ ಚುನಾವಣೆಯಲ್ಲೂ ಕೇಳಿಬರುವ ಮಾತಿದು. ಸಣ್ಣ ಪಕ್ಷವೊಂದನ್ನು ಮೆಚ್ಚಿಕೊಂಡ ಮತದಾರನನ್ನು ಈ ಮಾತು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಮೆಚ್ಚಿದ ಪಕ್ಷಕ್ಕೆ ಮತ ಹಾಕಿದರೆ ಅದು ಗೆಲ್ಲುವ ಸಂಭವ ಕಡಿಮೆ. ಜೊತೆಗೆ, ಯಾರು ಗೆಲ್ಲಬಾರದೆಂದು ಆತ ಬಯಸುತ್ತಾನೋ ಅವರೇ ಗೆದ್ದುಬಿಡಬಹುದು. ‘ಇದ್ದುದರಲ್ಲಿ ವಾಸಿ’ ಎನಿಸಿದ ದೊಡ್ಡ ಪಕ್ಷಕ್ಕೆ ಹಾಕಿದರೆ ಮೆಚ್ಚಿದ ಪಕ್ಷ ಬೆಳೆಯುವುದಾದರೂ ಹೇಗೆ? ಅತ್ತ ದರಿ, ಇತ್ತ ಪುಲಿ.

ಈ ಸಂಕಟ ಪರಿಸರವಾದಿಗಳನ್ನು ವಿಶೇಷವಾಗಿ ಕಾಡುತ್ತದೆ. ತೆರಿಗೆಯ ವಿಷಯವೋ ಸಂಬಳದ ವಿಷಯವೋ ಆದರೆ ಒಂದು ಚುನಾವಣೆಯಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರಲ್ಲಿ ಗಳಿಸಿಕೊಳ್ಳಬಹುದು. ಮುಳುಗಿದ ಕಣಿವೆ, ಕಡಿದ ಕಾಡು ಮುಂದಿನ ಚುನಾವಣೆಯ ಹೊತ್ತಿಗೆ ಮರಳಿ ಬರುವುದಿಲ್ಲ. ‘ಈ ಸಲ ಸೋತರೂ ಚಿಂತೆಯಿಲ್ಲ, ನಿಧಾನವಾಗಿ ಪಕ್ಷ ಕಟ್ಟೋಣ’ ಎನ್ನಲು ಅವರಿಗೆ ವ್ಯವಧಾನವಿಲ್ಲ.

ಹಸಿರು ರಾಜಕಾರಣದ ಕತೆ ಆರಂಭವಾಗುವುದೇ ಒಂದು ಮುಳುಗಡೆಯಿಂದ. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪರಾಜ್ಯದಲ್ಲಿ ಪೆಡರ್ ಎಂಬ ಸುಂದರ ಸರೋವರವಿತ್ತು. ಜಲವಿದ್ಯುತ್ ಯೋಜನೆಗಾಗಿ ಅದನ್ನು ಮುಳುಗಿಸಲು ಹೊರಟಾಗ ಅಲ್ಲಿನ ಎರಡೂ ದೊಡ್ಡ ಪಕ್ಷಗಳು ಯೋಜನೆಯ ಪರವಾಗಿದ್ದವು. ‘ಇದ್ದುದರಲ್ಲಿ ವಾಸಿ’ ಎನ್ನಲು ಯಾರೂ ಇರಲಿಲ್ಲ. 1972ರ ಮಾರ್ಚ್‌ನಲ್ಲಿ ಹೋಬಾರ್ಟ್ ಪುರಭವನದಲ್ಲಿ ಸಭೆ ಸೇರಿದ ಜನ ‘ಯುನೈಟೆಡ್ ಟಾಸ್ಮೇನಿಯಾ ಗ್ರೂಪ್’ ಕಟ್ಟಿದರು. ಜಗತ್ತಿನ ಮೊದಲ ಹಸಿರು ಪಕ್ಷವೆಂದು ಹೆಸರಾದದ್ದು ಇದೇ. ಮುಂದಿನ ತಿಂಗಳ ಚುನಾವಣೆಯಲ್ಲಿ ಅದಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಸರೋವರ ಮುಳುಗಿತು.

ಒಂಬತ್ತು ವರ್ಷಗಳ ನಂತರ ಅದೇ ರಾಜ್ಯದಲ್ಲಿ ಫ್ರಾಂಕ್ಲಿನ್ ನದಿಯ ಸರದಿ ಬಂತು. 1981ರ ಡಿಸೆಂಬರ್‌ನಲ್ಲಿ ನಡೆದ ಜನಾಭಿಪ್ರಾಯ ಸಂಗ್ರಹದಲ್ಲಿ ಸರ್ಕಾರ ಕೇಳಿದ್ದು ಇಷ್ಟೇ: ಈ ಎರಡು ಅಣೆಕಟ್ಟುಗಳಲ್ಲಿ ಯಾವುದು ಬೇಕು? ಎರಡೂ ಬೇಡವೆನ್ನುವ ಅವಕಾಶ ಮತಪತ್ರದಲ್ಲಿರಲಿಲ್ಲ. ಸುಮಾರು ಮೂರರಲ್ಲೊಂದು ಪಾಲು ಮತದಾರರು ‘ಅಣೆಕಟ್ಟು ಬೇಡ’ ಎಂದು ತಾವೇ ಅದರ ಮೇಲೆ ಬರೆದು ಬಂದರು. ಅಷ್ಟು ದೊಡ್ಡ ಮತರಾಶಿ ದೊಡ್ಡ ಪಕ್ಷಗಳ ಕಣ್ಣಿಗೆ ಬೀಳದಿರಲಿಲ್ಲ. 1983ರ ಮಾರ್ಚ್‌ನ ರಾಷ್ಟ್ರೀಯ ಚುನಾವಣೆಯಲ್ಲಿ ಲೇಬರ್ ಪಕ್ಷ ಅಣೆಕಟ್ಟನ್ನು ತಡೆಯುವುದಾಗಿ ಮಾತು ಕೊಟ್ಟಿತು. ಪರಿಸರ ಸಂಘಟನೆಗಳು ಅದರ ಬೆಂಬಲಕ್ಕೆ ನಿಂತವು. ಲೇಬರ್ ಗೆದ್ದು ಬಾಬ್ ಹಾಕ್ ಪ್ರಧಾನಿಯಾದರು. ಅದೇ ವರ್ಷದ ಜುಲೈ 1ರಂದು ಆ ದೇಶದ ಅತ್ಯುನ್ನತ ನ್ಯಾಯಾಲಯ 4–3 ಬಹುಮತದಿಂದ ಕೇಂದ್ರ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಫ್ರಾಂಕ್ಲಿನ್ ಇಂದಿಗೂ ತಡೆಯಿಲ್ಲದೆ ಹರಿಯುತ್ತಿದೆ. ದೊಡ್ಡ ಪಕ್ಷಕ್ಕೆ ಮತ ಕೊಟ್ಟರೂ ಅದಕ್ಕೊಂದು ಷರತ್ತು ಹಾಕಿ ಕೊಟ್ಟದ್ದರ ಫಲವಿದು.

ಎಲ್ಲೆಡೆಯೂ ಹೀಗೆ ಷರತ್ತು ಹಾಕಲು ಸಾಧ್ಯವಾಗುವುದಿಲ್ಲ. 2000ದ ನವೆಂಬರ್‌ನಲ್ಲಿ ಅಮೆರಿಕದಲ್ಲಿ ನಡೆದದ್ದು ಇದಕ್ಕೆ ಉದಾಹರಣೆ. ಬಳಕೆದಾರರ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಆ ವರ್ಷ ಗ್ರೀನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದರು. ರಾಷ್ಟ್ರದಾದ್ಯಂತ ಶೇಕಡ 5 ಮತ ಬಂದರೆ ಮುಂದಿನ ಚುನಾವಣೆಗೆ ಪಕ್ಷಕ್ಕೆ ಸರ್ಕಾರಿ ಧನಸಹಾಯ ಸಿಗುತ್ತಿತ್ತು. ಎದುರಿಗಿದ್ದವರು ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಮತ್ತು ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್. ಭೂಮಿಯ ಪರಿಸರದ ಬಗ್ಗೆ 1992ರಷ್ಟು ಹಿಂದೆಯೇ ಪುಸ್ತಕ ಬರೆದಿದ್ದ ಗೋರ್ ಅವರಿಗೆ ಪರಿಸರಪ್ರಿಯರ ಮತವೇ ಎರವಾಗುವ ಭೀತಿ ಎದುರಾದದ್ದು ವಿಪರ್ಯಾಸ.

ಕೊನೆಗೆ ಎಲ್ಲವೂ ಫ್ಲಾರಿಡಾ ರಾಜ್ಯದ ಮೇಲೆ ನಿಂತಿತು. ಅಲ್ಲಿ ಬುಷ್ ಗೆದ್ದದ್ದು ಕೇವಲ 537 ಮತಗಳಿಂದ; ನೇಡರ್ ಪಡೆದದ್ದು 97,488. ಇವರಲ್ಲಿ ನೂರಕ್ಕೊಬ್ಬರ ಮತ ಗೋರ್ ಪೆಟ್ಟಿಗೆಗೆ ಬಿದ್ದಿದ್ದರೂ ಫಲಿತಾಂಶ ಬದಲಾಗುತ್ತಿತ್ತು. 2001ರ ಮಾರ್ಚ್‌ನಲ್ಲಿ ಬುಷ್ ಸರ್ಕಾರ ಹವಾಮಾನ ಕುರಿತ ಕ್ಯೋಟೊ ಒಪ್ಪಂದದಿಂದ ಹಿಂದೆ ಸರಿಯಿತು. ‘ನೋಡಿ, ನಿಮ್ಮ ಆದರ್ಶದ ಬೆಲೆ’ ಎಂದು ಡೆಮಾಕ್ರಟರು ಗ್ರೀನ್ ಬೆಂಬಲಿಗರನ್ನು ದೂರಿದರು. ಅತ್ತಲಿನ ಉತ್ತರಕ್ಕೂ ಬಲವಿತ್ತು: ಫ್ಲಾರಿಡಾದಲ್ಲಿ ಕಣದಲ್ಲಿದ್ದ ಪ್ರತಿಯೊಂದು ಸಣ್ಣ ಪಕ್ಷದ ಅಭ್ಯರ್ಥಿಯೂ 537ಕ್ಕಿಂತ ಹೆಚ್ಚು ಮತ ಗಳಿಸಿದ್ದರು, ನೇಡರ್ ಇಲ್ಲದಿದ್ದರೆ ಅವರ ಬೆಂಬಲಿಗರು ಮತಗಟ್ಟೆಗೇ ಬರುತ್ತಿರಲಿಲ್ಲವೇನೋ. ಮತ ಯಾರ ಅಪ್ಪನ ಆಸ್ತಿಯೂ ಅಲ್ಲವಲ್ಲ!

ಈ ಬಿಕ್ಕಟ್ಟಿಗೆ ಮತದಾರರೇ ಒಂದು ಉಪಾಯ ಹುಡುಕಿದ್ದರು. ಅಮೆರಿಕದಲ್ಲಿ ಅಧ್ಯಕ್ಷರ ಆಯ್ಕೆ ರಾಜ್ಯವಾರು ನಡೆಯುತ್ತದೆ. ನ್ಯೂಯಾರ್ಕಿನಲ್ಲಿ ಗೋರ್ ಗೆಲುವು ಖಚಿತವಿತ್ತು, ಫ್ಲಾರಿಡಾದಲ್ಲಿ ಇರಲಿಲ್ಲ. ಆದ್ದರಿಂದ ಫ್ಲಾರಿಡಾದಂಥ ರಾಜ್ಯದ ನೇಡರ್ ಅಭಿಮಾನಿ ಗೋರ್‌ಗೆ, ನ್ಯೂಯಾರ್ಕಿನಂಥ ರಾಜ್ಯದ ಗೋರ್ ಅಭಿಮಾನಿ ನೇಡರ್‌ಗೆ ಮತ ಹಾಕುವ ಒಡಂಬಡಿಕೆ! ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯಂತೆ, ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇದು ಅಪರಾಧವೆಂದು ಕ್ಯಾಲಿಫೋರ್ನಿಯಾದ ಅಧಿಕಾರಿಗಳು ಬೆದರಿಸಿದರು. ಹಣವಿಲ್ಲದ ಇಂಥ ವಿನಿಮಯಕ್ಕೆ ಸಂವಿಧಾನದ ರಕ್ಷಣೆಯಿದೆಯೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2007ರಲ್ಲಿ. ಆದರೆ ಗುಪ್ತ ಮತದಾನದಲ್ಲಿ ಎದುರಿನವನು ಮಾತು ಉಳಿಸಿಕೊಂಡನೇ ಎಂದು ತಿಳಿಯುವುದು ಹೇಗೆ? ಮುಯ್ಯಾಳಿನಲ್ಲಿ ಗದ್ದೆಯ ಕೆಲಸ ಕಣ್ಣಿಗೆ ಕಾಣುತ್ತದೆ. ಇಲ್ಲಿ ನಂಬಿಕೆಯೊಂದೇ ಗತಿ.

ನೇಡರ್‌ಗೆ ದೊರೆತದ್ದು ಸುಮಾರು 28.8 ಲಕ್ಷ ಮತ, ಅಂದರೆ ಶೇಕಡ 2.7. ಅತ್ತ ಧನಸಹಾಯವೂ ಇಲ್ಲ, ಇತ್ತ ಗೋರ್ ಗೆಲುವೂ ಇಲ್ಲ. 2004ರಲ್ಲಿ ಗ್ರೀನ್ ಪಕ್ಷದ ಡೇವಿಡ್ ಕಾಬ್ ಪೈಪೋಟಿ ತೀವ್ರವಾಗಿದ್ದ ರಾಜ್ಯಗಳಲ್ಲಿ ಪ್ರಚಾರಕ್ಕೆ ಒತ್ತು ಕೊಡದೆ ಎಚ್ಚರ ವಹಿಸಿದರು. ಅವರಿಗೆ ಬಂದದ್ದು ಸುಮಾರು 1.2 ಲಕ್ಷ ಮತ. ಬುಷ್ ಮತ್ತೆ ಗೆದ್ದರು. ಧೈರ್ಯಕ್ಕೆ ಒಂದು ಬೆಲೆ, ಎಚ್ಚರಿಕೆಗೆ ಇನ್ನೊಂದು ಬೆಲೆ.

ಹಾಗಾದರೆ ತಪ್ಪು ಯಾರದು? ಒಂದು ಕ್ಷೇತ್ರಕ್ಕೆ ಒಂದೇ ಸ್ಥಾನ, ಹೆಚ್ಚು ಮತ ಪಡೆದವನೇ ವಿಜಯಿ ಎಂಬ ಪದ್ಧತಿ ರಾಜಕಾರಣವನ್ನು ಎರಡು ಪಕ್ಷಗಳತ್ತ ದೂಡುತ್ತದೆಂದು ಫ್ರೆಂಚ್ ರಾಜ್ಯಶಾಸ್ತ್ರಜ್ಞ ಮಾರಿಸ್ ಡುವರ್ಜೆ 1951ರಲ್ಲೇ ವಿವರಿಸಿದ್ದರು. ಇದಕ್ಕೆ ನ್ಯೂಜಿಲೆಂಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1975ರಲ್ಲಿ ಅಲ್ಲಿನ ಪರಿಸರವಾದಿ ವ್ಯಾಲ್ಯೂಸ್ ಪಕ್ಷ ಶೇಕಡ 5.2 ಮತ ಗಳಿಸಿತು. ಸಂಸತ್ತಿನಲ್ಲಿ ಸಿಕ್ಕ ಸ್ಥಾನ ಸೊನ್ನೆ. ಅನಂತರ ದೇಶ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿಯನ್ನು 1993ರ ಜನಮತದಿಂದ ಒಪ್ಪಿಕೊಂಡಿತು. ಈಗ ಮತದಾರನಿಗೆ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. 1999ರಲ್ಲಿ ಗ್ರೀನ್ ಪಕ್ಷಕ್ಕೆ ಬಂದದ್ದು ಮತ್ತೆ ಅದೇ ಶೇಕಡ 5.2ರ ಆಸುಪಾಸು, ಸಿಕ್ಕ ಸ್ಥಾನ ಏಳು! ಜನರ ಬೆಂಬಲ ಅಷ್ಟೇ ಇತ್ತು. ಎಣಿಸುವ ರೀತಿ ಮಾತ್ರ ಬೇರೆಯಾಗಿತ್ತು.

ಇನ್ನೊಂದು ದಾರಿ ಆಸ್ಟ್ರೇಲಿಯಾದ್ದು. ಅಲ್ಲಿ ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯ ಕೊಡಬೇಕು. ಹಿಂದೆ ಬಿದ್ದವನ ಮತ ಎರಡನೆಯ ಆಯ್ಕೆಗೆ ವರ್ಗವಾಗುತ್ತದೆ. ಮೊದಲ ಅಂಕಿ ಮೆಚ್ಚಿದವರಿಗೆ, ಎರಡನೆಯದು ಇದ್ದುದರಲ್ಲಿ ವಾಸಿಯೆನಿಸಿದವರಿಗೆ. ಮೆಲ್ಬರ್ನ್ ಕ್ಷೇತ್ರದಲ್ಲಿ 2010ರಲ್ಲಿ ಗ್ರೀನ್ಸ್‌ನ ಆಡಮ್ ಬ್ಯಾಂಡ್ಟ್ ಮೊದಲ ಎಣಿಕೆಯಲ್ಲಿ ಲೇಬರ್‌ಗಿಂತ ಹಿಂದಿದ್ದೂ ವರ್ಗವಾದ ಮತಗಳಿಂದ ಗೆದ್ದರು. ಅಮೆರಿಕದ ಮೇಯ್ನ್ ರಾಜ್ಯವೂ 2016ರಲ್ಲಿ ಇಂಥ ಪದ್ಧತಿಯನ್ನು ಜನಮತದಿಂದ ಒಪ್ಪಿಕೊಂಡಿತು.

ನಮಗೂ ಈ ಕತೆ ಅಪರಿಚಿತವಲ್ಲ. 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದ ಕ್ಷೇತ್ರದಿಂದ ಒಬ್ಬ ಹಿರಿಯರು ಕಣಕ್ಕಿಳಿದಿದ್ದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ತಮ್ಮ 87ನೆಯ ವಯಸ್ಸಿನಲ್ಲಿ ಮತ ಕೇಳಿದ ಅವರು ಶಿವರಾಮ ಕಾರಂತರು. ಕಾರಂತರನ್ನು ಗೌರವಿಸುವವರೆಲ್ಲ ಅವರಿಗೇ ಮತ ಹಾಕಬೇಕೆಂದೇನೂ ಇರಲಿಲ್ಲ, ಕಾರಂತರು ಸೋತರು. ಕೈಗಾ 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಅದನ್ನು ನೋಡಲು ಅವರಿರಲಿಲ್ಲ. ನಮ್ಮ ಮತಯಂತ್ರದಲ್ಲಿ 2013ರಿಂದ ‘ನೋಟಾ’ ಗುಂಡಿಯಿದೆ. ಯಾರೂ ಬೇಡವೆಂದು ಅದು ಹೇಳಬಲ್ಲದು. ‘ಮೊದಲು ಇವರು, ಇವರಾಗದಿದ್ದರೆ ಅವರು’ ಎಂದು ಹೇಳಲಾರದು. ಅಲ್ಲಿಯವರೆಗೆ ಮತಗಟ್ಟೆಯ ಮರೆಯಲ್ಲಿ ನಿಂತವನು ತನ್ನ ಆಸೆ, ತನ್ನ ಭಯ ಎರಡನ್ನೂ ಒಂದೇ ಗುಂಡಿಯಲ್ಲಿ ಹೇಳಬೇಕು. ಹಾಗೆ ಹೇಳಲಾಗದೆ ತಡವರಿಸಿದವನನ್ನು ದೂರುವ ಮೊದಲು ನಾವು ಗುಂಡಿಯತ್ತ ಒಮ್ಮೆ ನೋಡುವುದು ಒಳ್ಳೆಯದು.